ಬೆಚ್ಚಗಿನ ಸೇಬಿನ ಕೇಕು, ತಣ್ಣಗಿನ ವೆನಿಲಾ ಸಾಸು

ಸೆಪ್ಟೆಂಬರ್ ಬಂತೆಂದರೆ ನಮ್ಮ ಬೀದಿಯ ಗೇಟುಗಳ ಮುಂದೆ ಸೇಬಿನ ಬುಟ್ಟಿಗಳು ಬಂದು ಕೂರುತ್ತವೆ. ಪಕ್ಕದಲ್ಲೊಂದು ಚೀಟಿ, ಬೇಕಾದವರು ತೆಗೆದುಕೊಂಡು ಹೋಗಿ ಅಂತ. ಸ್ವೀಡನ್ನಿನ ದಕ್ಷಿಣದ ತುದಿಯಲ್ಲಿರುವ ಸ್ಕೋನೆ ಪ್ರಾಂತ್ಯದ ಮಾಲ್ಮೋಗೆ ನಾವು ಬಂದು ಎಂಟು ವರ್ಷವಾಯಿತು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಸೇಬು ಅಂದರೆ ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಕೊಂಡೊಯ್ಯುವ ಹಣ್ಣು. ನಮ್ಮಲ್ಲಿ ಹಲಸು ಮರದಡಿ ಬಿದ್ದು ಹೋಗುವ ಹಾಗೆ ಇಲ್ಲಿ ಸೇಬು ಬಿದ್ದು ಹೋಗುತ್ತದೆ ಎನ್ನುವುದನ್ನು ಕಣ್ಣಾರೆ ಕಂಡ ಮೇಲೂ ಮೊದಲ ವರ್ಷ ನಂಬಲಾಗಲಿಲ್ಲ.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದವರೊಬ್ಬರಿದ್ದಾರೆ. ಈ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಏಕವಚನದಲ್ಲೇ ಕರೆಯುತ್ತಾರೆ. ಆದರೆ ನಮ್ಮ ಮನೆಯೊಳಗೆ ಅವರು ಅಜ್ಜಿಯೇ. ಅವರ ಹಿತ್ತಲಲ್ಲಿ ಗ್ರಾವೆನ್‌ಸ್ಟೈನರ್ ಜಾತಿಯ ಹಳೆಯ ಸೇಬಿನ ಮರವಿದೆ. ಮೊದಲ ವರ್ಷವೇ ಕರೆದು, ಕಾಫಿ ಜೊತೆ ಒಂದು ತುಂಡು ಸೇಬಿನ ಕೇಕು ಕೊಟ್ಟರು. ಕೇಕು ಬೆಚ್ಚಗಿತ್ತು. ಅದರ ಮೇಲೆ ಜಗ್ಗಿನಿಂದ ಸುರಿದ ತೆಳು ಹಳದಿ ಸಾಸು ಆಗಷ್ಟೇ ಫ್ರಿಜ್ಜಿನಿಂದ ತೆಗೆದದ್ದು. ಬಾಯಿಗೆ ಮೊದಲು ಸೇಬಿನ ಹುಳಿ, ಬೆಣ್ಣೆ, ಚಕ್ಕೆ. ಅದರ ಬೆನ್ನಿಗೇ ಆ ತಣ್ಣನೆಯ ವೆನಿಲಾ. ಇದನ್ನು ಕಲಿಯಲೇಬೇಕು ಎಂದು ಅವತ್ತೇ ಅಂದುಕೊಂಡೆ.

ಮೊದಲ ಕೇಕು ಕಲ್ಲಾಯಿತು. ಇಲ್ಲಿಯ ಅಡುಗೆಯ ಅಳತೆಯೆಲ್ಲ ಡೆಸಿಲೀಟರಿನಲ್ಲಿ. ಹಿಟ್ಟು 3 ಎಂದು ಕಂಡದ್ದನ್ನು ನಾನು ಊರಿನಿಂದ ತಂದ ಕಪ್ಪಿನಲ್ಲಿ ಅಳೆದಿದ್ದೆ. 1 ಡೆಸಿಲೀಟರ್ ಎಂದರೆ 100 ಮಿಲಿಲೀಟರ್, ನನ್ನ ಕಪ್ಪು 240. ಮೊಟ್ಟೆ, ಬೆಣ್ಣೆ ಹೇಳಿದಷ್ಟೇ ಬಿದ್ದಿತ್ತು, ಹಿಟ್ಟು ಮಾತ್ರ ಎರಡು ಪಟ್ಟಿಗಿಂತ ಹೆಚ್ಚು. ಆಮೇಲೆ ಒಂದು ತೂಕದ ಯಂತ್ರ ಕೊಂಡು ಎಲ್ಲವನ್ನೂ ಗ್ರಾಮಿಗೆ ಇಳಿಸಿಕೊಂಡೆ. 1 ಡೆಸಿಲೀಟರ್ ಮೈದಾ ಸುಮಾರು 60 ಗ್ರಾಂ, ಸಕ್ಕರೆ ಸುಮಾರು 90 ಗ್ರಾಂ. ಈ ಎರಡು ಲೆಕ್ಕ ಗೊತ್ತಿದ್ದರೆ ಸ್ವೀಡನ್ನಿನ ಮುಕ್ಕಾಲು ಪಾಲು ಕೇಕುಗಳು ಕೈಗೆ ಸಿಕ್ಕ ಹಾಗೆ.

ಎರಡನೆಯದು ಉಬ್ಬಿತು, ಬೆಂದಿತು, ಆದರೆ ರುಚಿಯೇ ಇರಲಿಲ್ಲ. ಅಂಗಡಿಯಲ್ಲಿ ನೋಡಲು ಚೆಂದವಿದ್ದ ಸಿಹಿ ಸೇಬು ತಂದಿದ್ದೆ. ಸಿಹಿ ಹಿಟ್ಟಿನೊಳಗೆ ಸಿಹಿ ಹಣ್ಣು ಕೂತರೆ ಎರಡೂ ಸಪ್ಪೆ. ಈ ಕೇಕಿಗೆ ಹುಳಿಯೇ ಜೀವ. ಗ್ರಾವೆನ್‌ಸ್ಟೈನರ್ ಸಿಕ್ಕರೆ ನನಗೆ ಬೇರೆ ಬೇಡ. ಅದರ ವಾಸನೆಯೇ ಒಂದು ಕೋಣೆ ತುಂಬುತ್ತದೆ. ಇಂಗ್ರಿಡ್ ಮಾರೀ, ಆರೋಮಾ ಕೂಡ ಚೆನ್ನಾಗಿ ಒದಗುತ್ತವೆ. ಜಾತಿಗಳನ್ನು ತಿಂದು ನೋಡಿ ಆರಿಸಬೇಕು ಅಂದರೆ ಸೆಪ್ಟೆಂಬರ್ ಕೊನೆಗೆ ಪೂರ್ವ ಕರಾವಳಿಯ ಶಿವೀಕ್ ಎಂಬ ಪುಟ್ಟ ಊರಿನ ಸೇಬಿನ ಜಾತ್ರೆಗೆ ಹೋಗಬೇಕು. ಸಾವಿರಾರು ಸೇಬು ಜೋಡಿಸಿ ಅಲ್ಲಿ ಪ್ರತಿವರ್ಷ ದೊಡ್ಡದೊಂದು ಚಿತ್ರ ಮಾಡಿ ನಿಲ್ಲಿಸುತ್ತಾರೆ. ಬೆಂಗಳೂರಿನಲ್ಲಿ ಮಾಡುವವರು ಹಸಿರು ಗ್ರ್ಯಾನಿ ಸ್ಮಿತ್ ಹುಡುಕಿ. ಅದೂ ಸಿಗದಿದ್ದರೆ ಗಟ್ಟಿಯಾದ ಸೇಬಿಗೆ ಅರ್ಧ ನಿಂಬೆಹಣ್ಣು ಹಿಂಡಿ.

ಈಗ ನಾನು ಮಾಡುವ ರೀತಿ ಹೇಳುತ್ತೇನೆ. 100 ಗ್ರಾಂ ಬೆಣ್ಣೆಯನ್ನು ಸಣ್ಣ ಪಾತ್ರೆಯಲ್ಲಿ ಕಾಯಿಸಬೇಕು. ಬರೀ ಕರಗಿಸಿದರೂ ನಡೆಯುತ್ತದೆ, ಆದರೆ ನಾನು ಇನ್ನೂ ಸ್ವಲ್ಪ ಮುಂದೆ ಹೋಗುತ್ತೇನೆ. ಮೊದಲು ಚಟಪಟ ಸದ್ದು, ಅದು ನೀರು ಆರುವ ಸದ್ದು. ಸದ್ದು ನಿಂತು ಬಿಳಿ ನೊರೆ ಏಳುತ್ತದೆ, ನೊರೆಯಡಿ ಗಸಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ಬರುವ ಘಮ ತುಪ್ಪ ಕಾಯಿಸುವಾಗ ಬರುವ ಘಮವೇ. ನಾವು ತುಪ್ಪ ಸೋಸಿ ಗಸಿ ಬೇರೆ ಮಾಡುತ್ತೇವೆ, ಇಲ್ಲಿ ಆ ಗಸಿ ಸಮೇತ ಕೇಕಿಗೆ ಹಾಕುತ್ತಾರೆ. ರುಚಿ ಇರುವುದೇ ಅದರಲ್ಲಿ. ಇದನ್ನು ಆರಲು ಬಿಡಿ. 2 ಮೊಟ್ಟೆ, 150 ಗ್ರಾಂ ಸಕ್ಕರೆ ಬೆಳ್ಳಗೆ ನೊರೆಯಾಗುವವರೆಗೆ ಕಡೆದು, ಬೆಣ್ಣೆ ಮತ್ತು 1 ಡೆಸಿಲೀಟರ್ ಹಾಲು ಸೇರಿಸಿ. 180 ಗ್ರಾಂ ಮೈದಾ, ಒಂದೂವರೆ ಟೀಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಜರಡಿ ಹಿಡಿದು ಹಾಕಿ, ಹಿಟ್ಟು ಕಾಣದಾಗುವವರೆಗೆ ಮಾತ್ರ ಕಲಸಿ. ಮೈದಾ ಬಿದ್ದ ಮೇಲೆ ಜಾಸ್ತಿ ತಿರುವಿದರೆ ಅಂಟು ಬಿಟ್ಟುಕೊಂಡು ಕೇಕು ರಬ್ಬರಾಗುತ್ತದೆ.

24 ಸೆಂಟಿಮೀಟರ್ ಟಿನ್ನಿಗೆ ಬೆಣ್ಣೆ ಸವರಿ, ಒಣ ಬ್ರೆಡ್ ಪುಡಿ ಉದುರಿಸಿ ಸುತ್ತಲೂ ಅಂಟುವ ಹಾಗೆ ತಿರುಗಿಸುವುದು ಇಲ್ಲಿಯ ಪದ್ಧತಿ. ಇದನ್ನು ಬಿಡಬೇಡಿ. ಕೇಕು ಸಲೀಸಾಗಿ ಬಿಟ್ಟುಕೊಳ್ಳುತ್ತದೆ, ಅಂಚಿಗೆ ಗರಿಗರಿ ಬರುತ್ತದೆ. ಹಿಟ್ಟು ಸುರಿದು, ಅರ್ಧ ಕಿಲೋ ಸೇಬನ್ನು ಸಿಪ್ಪೆ ತೆಗೆದು ದಪ್ಪ ಹೋಳು ಮಾಡಿ ಒತ್ತೊತ್ತಾಗಿ ನಿಲ್ಲಿಸಿ. ಮೇಲೆ ಎರಡು ಚಮಚ ಸಕ್ಕರೆ, ಒಂದು ಟೀಚಮಚ ಚಕ್ಕೆ ಪುಡಿ, ಅರ್ಧ ಟೀಚಮಚ ಕುಟ್ಟಿದ ಏಲಕ್ಕಿ. ಏಲಕ್ಕಿ ನನ್ನ ಸೇರಿಕೆಯಲ್ಲ. ಇವರ ಬನ್ನುಗಳಲ್ಲಿ, ಬ್ರೆಡ್ಡಿನಲ್ಲಿ ಏಲಕ್ಕಿ ನಮ್ಮ ಪಾಯಸದಲ್ಲಿ ಇದ್ದಷ್ಟೇ ಸಹಜವಾಗಿ ಇರುತ್ತದೆ. 175 ಡಿಗ್ರಿಯಲ್ಲಿ, ಓವನ್ನಿನ ನಡುವಿಗಿಂತ ಒಂದು ಮೆಟ್ಟಿಲು ಕೆಳಗೆ, 40ರಿಂದ 45 ನಿಮಿಷ.

ಕೇಕು ಅಷ್ಟೇ. ನಿಜವಾದ ಪರೀಕ್ಷೆ ಸಾಸಿನದು.

2 ಡೆಸಿಲೀಟರ್ ಹಾಲು, 2 ಡೆಸಿಲೀಟರ್ ಗಟ್ಟಿ ಕ್ರೀಮಿಗೆ ಒಂದು ವೆನಿಲಾ ಬೀನ್ಸ್ ಉದ್ದಕ್ಕೆ ಸೀಳಿ, ಕರಿ ಬೀಜ ಕೆರೆದು, ಸಿಪ್ಪೆಯನ್ನೂ ಹಾಕಿ ಬಿಸಿ ಮಾಡಿ ಕಾಲು ಗಂಟೆ ಮುಚ್ಚಿಡಬೇಕು. 4 ಮೊಟ್ಟೆಯ ಹಳದಿಯನ್ನು 45 ಗ್ರಾಂ ಸಕ್ಕರೆ ಜೊತೆ ಕಡೆದು, ಬಿಸಿ ಹಾಲನ್ನು ಸಣ್ಣ ಧಾರೆಯಾಗಿ ಅದಕ್ಕೆ ಸುರಿಯುತ್ತ ತಿರುವಬೇಕು. ಮತ್ತೆ ಎಲ್ಲವನ್ನೂ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ, ತಳ ಬಿಡದ ಹಾಗೆ ತಿರುವುತ್ತಲೇ ಇರಬೇಕು. ನಾನು ಮೂರು ಸಲ ಕೆಡಿಸಿದ್ದೇನೆ, ಮೂರು ಸಲವೂ ಆತುರದಿಂದ. ಗಟ್ಟಿಯಾಗುತ್ತಿಲ್ಲವಲ್ಲ ಎಂದು ಉರಿ ಏರಿಸಿದ ಅರ್ಧ ನಿಮಿಷಕ್ಕೆ ಮೊಟ್ಟೆ ಗಂಟು ಕಟ್ಟಿ, ಒಡೆದ ಹಾಲಿನ ಹಾಗಾಗುತ್ತಿತ್ತು. ಕೊನೆಗೊಂದು ಥರ್ಮಾಮೀಟರ್ ತಂದೆ. 82 ಡಿಗ್ರಿಗೆ ಒಲೆಯಿಂದ ಇಳಿಸಿದರೆ ರೇಷ್ಮೆ. 85 ದಾಟಿದರೆ ಹೋಯಿತು. ಥರ್ಮಾಮೀಟರ್ ಇಲ್ಲದವರು ಸೌಟಿನ ಬೆನ್ನು ನೋಡಿ. ಅಂಟಿದ ಸಾಸಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳದೆ ನಿಲ್ಲಬೇಕು. ನಿಂತ ತಕ್ಷಣ ಸೋಸಿ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಫ್ರಿಜ್ಜಿಗೆ. ಹಿಂದಿನ ದಿನವೇ ಮಾಡಿಟ್ಟರೆ ಇನ್ನೂ ಒಳ್ಳೆಯದು.

ಹೋದ ವರ್ಷ ಅಮ್ಮ ಬಂದರು. ಅಮ್ಮ ಮೊಟ್ಟೆ ಮುಟ್ಟುವವರಲ್ಲ. ನಾಲ್ಕು ದಿನ ನನ್ನ ಕೇಕಿನ ವಾಸನೆಯನ್ನಷ್ಟೇ ನೋಡಿ ಸುಮ್ಮನೆ ಬಾಳೆಹಣ್ಣು ತಿನ್ನುತ್ತಿದ್ದರು. ನನಗೆ ಹೊಟ್ಟೆಯೊಳಗೆ ಸಂಕಟ. ಪಕ್ಕದ ಅಜ್ಜಿಗೆ ಇದನ್ನು ಹೇಳಿದಾಗ ಅವರು, ಹಾಗಾದರೆ ಸ್ಕೋನೆಯ ಹಳೇ ಕೇಕು ಮಾಡು, ಅದಕ್ಕೆ ಮೊಟ್ಟೆಯೇ ಇಲ್ಲವಲ್ಲ ಅಂದರು. ಇಷ್ಟು ವರ್ಷ ಇದೇ ಸೀಮೆಯಲ್ಲಿದ್ದೂ ನಾನು ಅದನ್ನು ಮಾಡಿರಲಿಲ್ಲ.

ಹೆಸರಿಗೆ ಕೇಕು, ಆದರೆ ಹಿಟ್ಟಿಲ್ಲ, ಮೊಟ್ಟೆಯಿಲ್ಲ, ಉಬ್ಬಿಸುವ ಪುಡಿಯೂ ಇಲ್ಲ. ಉಳಿದ ಬ್ರೆಡ್ಡು ಮತ್ತು ಸೇಬು. 1 ಕಿಲೋ ಹುಳಿ ಸೇಬನ್ನು ಅರ್ಧ ಡೆಸಿಲೀಟರ್ ಸಕ್ಕರೆ, ಸ್ವಲ್ಪವೇ ನೀರು ಹಾಕಿ ಗಟ್ಟಿ ಗೊಜ್ಜಿನ ಹಾಗೆ ಬೇಯಿಸಿಕೊಳ್ಳಬೇಕು. ನೀರು ನಿಂತರೆ ಕೇಕು ಕೂರುವುದಿಲ್ಲ. ಬ್ರೆಡ್ಡು ಇಲ್ಲಿಯ ಕಾವ್ರಿಂಗ್, ರೈ ಹಿಟ್ಟಿನ ಕಪ್ಪಗಿನ, ನಸು ಸಿಹಿ ಬ್ರೆಡ್ಡು. ಅದನ್ನು ಒಣಗಿಸಿ ತರಿತರಿ ಪುಡಿ ಮಾಡಿ 4 ಡೆಸಿಲೀಟರ್ ಅಳೆದುಕೊಂಡು, 100 ಗ್ರಾಂ ಬೆಣ್ಣೆಯಲ್ಲಿ 1 ಡೆಸಿಲೀಟರ್ ಸಕ್ಕರೆ ಜೊತೆ ಹುರಿಯಬೇಕು.

ನಾನು ಬಾಣಲೆ ಇಟ್ಟು ಹುರಿಯುತ್ತಿದ್ದೆ. ಅಮ್ಮ ಹಿಂದೆ ಬಂದು ನಿಂತು ನೋಡಿದರು.

"ಇದು ರವೆ ಹುರಿಯೋ ಹದವೇ ಅಲ್ವೇನೇ, ಕೊಡಿಲ್ಲಿ" ಅಂದು ಸಟ್ಟುಗ ಕೈಯಿಂದ ತೆಗೆದುಕೊಂಡರು.

ಉರಿ ಇಳಿಸಿದರು. ನಾನು ಬಣ್ಣ ನೋಡುತ್ತಿದ್ದೆ, ಆದರೆ ಕಪ್ಪು ಬ್ರೆಡ್ಡಿನಲ್ಲಿ ಬಣ್ಣ ಏನೂ ಹೇಳುವುದಿಲ್ಲ. ಅಮ್ಮ ಸದ್ದು ಕೇಳುತ್ತಿದ್ದರು. ಒದ್ದೆ ಮರಳಿನ ಹಾಗೆ ಮೆತ್ತಗೆ ಸರಿಯುತ್ತಿದ್ದ ಪುಡಿ ಬಿಡಿಬಿಡಿಯಾಗಿ ಬಾಣಲೆಗೆ ಸರಸರ ಸವರುವಾಗ "ಆಯ್ತು" ಅಂದರು. ಅದು ಸರಿಯಾದ ಹದ ಎನ್ನುವುದು ತಿನ್ನುವಾಗ ಗೊತ್ತಾಯಿತು. ಗಾಜಿನ ಪಾತ್ರೆಗೆ ಪುಡಿ, ಸೇಬು, ಪುಡಿ ಹೀಗೆ ಪದರ ಹಾಕಿ, ಮೇಲೆ ನಾಲ್ಕು ಚೂರು ಬೆಣ್ಣೆ ಇಟ್ಟು 200 ಡಿಗ್ರಿಯಲ್ಲಿ ಅರ್ಧ ಗಂಟೆ. ಬಿಸಿಯಲ್ಲಿ ಕುಸಿಯುತ್ತದೆ, ಉಗುರುಬೆಚ್ಚಗಾದ ಮೇಲೆ ಬಡಿಸಬೇಕು.

ಸಾಸಿಗೂ ಮೊಟ್ಟೆ ಬೇಡವಲ್ಲ. 4 ಡೆಸಿಲೀಟರ್ ಹಾಲು, 1 ಡೆಸಿಲೀಟರ್ ಕ್ರೀಮು, ಅದೇ ಸಕ್ಕರೆ, ಅದೇ ವೆನಿಲಾ, ಮತ್ತು ತಣ್ಣನೆ ಹಾಲಿನಲ್ಲಿ ಕದಡಿದ ಒಂದೂವರೆ ದೊಡ್ಡ ಚಮಚ ಕಾರ್ನ್‌ಫ್ಲೋರ್. ಇಲ್ಲಿ ನಿಯಮ ಪೂರ್ತಿ ತಿರುವುಮುರುವು. ಮೊಟ್ಟೆ ಸಾಸಿಗೆ ಕುದಿ ಬಂದರೆ ಕೆಟ್ಟಿತು, ಇದಕ್ಕೆ ಒಂದು ಕುದಿ ಬರದಿದ್ದರೆ ಹಸಿ ಹಿಟ್ಟಿನ ವಾಸನೆ ಹೋಗುವುದಿಲ್ಲ. ಬಣ್ಣ ಬೆಳ್ಳಗಿರುತ್ತದೆ. ಅಮ್ಮ ಎರಡೆಸಳು ಕೇಸರಿ ಹಾಕೋಣವೇ ಅಂದರು, ನಾನು ಬೇಡವೆಂದೆ. ಕೇಸರಿ ಬಂದರೆ ವೆನಿಲಾ ಹಿಂದೆ ಸರಿಯುತ್ತದೆ.

ವೆನಿಲಾ ನಮ್ಮ ಮನೆಗೆ ಹೊಸದಲ್ಲ. 2003ರ ಆಸುಪಾಸಿನಲ್ಲಿ ಮಲೆನಾಡಿನ ತೋಟತೋಟಕ್ಕೂ ಅದು ಹಬ್ಬಿತ್ತು. ಹಸಿ ಬೀನ್ಸಿಗೇ ಕಿಲೋಗೆ ಸಾವಿರಾರು ರೂಪಾಯಿ ನಡೆಯುತ್ತಿದ್ದ ಕಾಲ. ಅಪ್ಪ ಗ್ಲಿರಿಸಿಡಿಯಾ ಗೂಟಗಳಿಗೆ ಬಳ್ಳಿ ಹಬ್ಬಿಸಿದ್ದರು. ಅದರ ಹೂ ಅರಳುವುದು ಒಂದೇ ಬೆಳಗ್ಗೆ, ಮಧ್ಯಾಹ್ನಕ್ಕೆ ಬಾಡುತ್ತದೆ. ಮೂಲ ಮೆಕ್ಸಿಕೋ ಸೀಮೆಯ ಬಳ್ಳಿಯಾದ್ದರಿಂದ ಅದರ ಹುಳ ನಮ್ಮಲ್ಲಿಲ್ಲ, ಒಂದೊಂದು ಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸಬೇಕು. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಹುಡುಗ ಕಂಡುಹಿಡಿದ ಕೈಚಳಕ ಅದು. ಅಮ್ಮ ಅದನ್ನೇ ತೆಂಗಿನ ಗರಿಯ ಕಡ್ಡಿ ಹಿಡಿದು ಮಾಡುತ್ತಿದ್ದರು: ಹೂವಿನೊಳಗಿನ ತೆಳು ಪೊರೆ ಎತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಮುಂದಿನ ಹೂವಿಗೆ. ಕೆಳಗಿನ ಗೊಂಚಲುಗಳನ್ನು ನನಗೆ ಬಿಡುತ್ತಿದ್ದರು. ಎರಡು ವರ್ಷದೊಳಗೆ ಬೆಲೆ ಬಿತ್ತು, ಬಳ್ಳಿ ಹೋಯಿತು.

ಹಸಿ ಬೀನ್ಸಿಗೆ ಘಮವಿಲ್ಲ. ಬಿಸಿನೀರಿನಲ್ಲಿ ಅದ್ದಿ, ಕಂಬಳಿ ಸುತ್ತಿ ಬೆವರಿಸಿ, ತಿಂಗಳುಗಟ್ಟಲೆ ಒಣಗಿಸಿದ ಮೇಲೇ ಅದು ಕಪ್ಪಗಾಗಿ ವಾಸನೆ ಕೊಡುವುದು. ನಾವು ಹಸಿಯಾಗಿಯೇ ಮಾರಿದವರು. ಹಾಗಾಗಿ ಅವತ್ತು ನಾನು ಸೀಳಿಕೊಟ್ಟ ಬೀನ್ಸನ್ನು ಅಮ್ಮ ಮೂಗಿಗೆ ಹಿಡಿದದ್ದು ಅದೇ ಮೊದಲ ಸಲ. ಸುಮಾರು ಹೊತ್ತು ಹಿಡಿದೇ ಇದ್ದರು.

"ನಮ್ಮ ತೋಟದ್ದೂ ಹೀಗೇ ಇರ್ತಿತ್ತಾ?"

"ಹದ ಮಾಡಿದ್ರೆ ಇರ್ತಿತ್ತಮ್ಮ."

ಸಂಜೆ ಪಕ್ಕದ ಅಜ್ಜಿಯೂ ಬಂದರು. ಅಮ್ಮನಿಗೆ ಸ್ವೀಡಿಷ್ ಬಾರದು, ಅವರಿಗೆ ಕನ್ನಡ ಬಾರದು. ಅಜ್ಜಿ ಒಂದು ಚಮಚ ತಿಂದು, ಬಾಣಲೆಯತ್ತ ಕೈ ತೋರಿಸಿ, ಯಾರು ಹುರಿದದ್ದು ಎಂದು ನನ್ನನ್ನು ಕೇಳಿದರು. ನಾನು ಅಮ್ಮನನ್ನು ತೋರಿಸಿದೆ. ಅಮ್ಮ ಎರಡನೇ ಸಲ ಬಡಿಸಿಕೊಂಡರು, ಸಾಸು ಸ್ವಲ್ಪ ಜಾಸ್ತಿಯೇ.

ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಕೇಕು ಎರಡು ಮೂರು ದಿನ ಇರುತ್ತದೆ, ಸಾಸನ್ನು ಎರಡು ದಿನದೊಳಗೆ ಮುಗಿಸಿ. ಬೀಜ ಕೆರೆದ ವೆನಿಲಾ ಸಿಪ್ಪೆಯನ್ನು ಎಸೆಯಬೇಡಿ. ತೊಳೆದು, ಒಣಗಿಸಿ ಸಕ್ಕರೆ ಡಬ್ಬಿಯಲ್ಲಿ ಹೂತಿಟ್ಟರೆ ಎರಡು ವಾರಕ್ಕೆ ಸಕ್ಕರೆಯೇ ಘಮ್ಮೆನ್ನುತ್ತದೆ. ಅಂಥ ಎರಡು ಸಿಪ್ಪೆ ಈಗ ಸಾಗರದಲ್ಲಿ, ಅಮ್ಮನ ಸಕ್ಕರೆ ಡಬ್ಬಿಯಲ್ಲಿವೆ.