ಬೆಂಗಳೂರಿನ ಮಹಡಿಯಿಂದ ಸ್ತರಗೋಳದ ನೈಟ್ರೋಜನ್ ಡೈಆಕ್ಸೈಡ್ ಅಳೆಯುವ ಕ್ರಮ

ನೆಲದಿಂದ ಸುಮಾರು 20ರಿಂದ 40 ಕಿಲೋಮೀಟರ್ ಎತ್ತರದಲ್ಲಿ, ಅಂದರೆ ಸ್ತರಗೋಳವೆಂಬ ವಾಯುಪದರದಲ್ಲಿ, ಹರಡಿರುವ ನೈಟ್ರೋಜನ್ ಡೈಆಕ್ಸೈಡ್ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಓಝೋನ್ ನಾಶದಲ್ಲಿ ಪಾಲುಗೊಳ್ಳುತ್ತದೆ. ವಾಹನಗಳ ಹೊಗೆಯೂ ಇದೇ ಅನಿಲವನ್ನು ನೆಲದ ಬಳಿ ತುಂಬುವುದರಿಂದ, ಬೆಂಗಳೂರಿನಲ್ಲಿ ಅಳತೆಯ ಯಶಸ್ಸು ಉಪಕರಣಕ್ಕಿಂತ ಹೆಚ್ಚಾಗಿ ಆರಿಸಿಕೊಂಡ ಹೊತ್ತನ್ನು ಅವಲಂಬಿಸಿದೆ.

ಆ ಹೊತ್ತು ಸಂಧ್ಯಾಕಾಲ. ಸೂರ್ಯ ದಿಗಂತದಲ್ಲಿರುವಾಗ ಬೆಳಕು ಸ್ತರಗೋಳವನ್ನು ಓರೆಯಾಗಿ, ಬಹುದೂರ ಹಾಯ್ದು, ನಮ್ಮ ನೆತ್ತಿಯ ಮೇಲೆ ಚದುರಿ, ಕೊನೆಯ ಕೆಲವು ಕಿಲೋಮೀಟರುಗಳನ್ನು ಮಾತ್ರ ನೇರವಾಗಿ ಇಳಿಯುತ್ತದೆ. ಹೀಗಾಗಿ ಮೇಲಿನ ಅನಿಲದ ಗುರುತು ಹತ್ತಕ್ಕೂ ಹೆಚ್ಚು ಪಟ್ಟು ಹಿಗ್ಗಿದರೆ, ಕೆಳಗಿನ ಹೊಗೆಯದು ಹೆಚ್ಚುಕಡಿಮೆ ಇದ್ದಷ್ಟೇ ಉಳಿಯುತ್ತದೆ. 1975ರಲ್ಲಿ ವಾಯುಮಂಡಲ ವಿಜ್ಞಾನಿ ಜಾನ್ ನಾಕ್ಸನ್ ಪ್ರಕಟಿಸಿದ ಅಳತೆಗಳು ನಿಂತಿದ್ದೂ ಈ ತತ್ತ್ವದ ಮೇಲೆಯೇ.

400ರಿಂದ 500 ನ್ಯಾನೊಮೀಟರ್ ವ್ಯಾಪ್ತಿಯ ಸ್ಪೆಕ್ಟ್ರೋಮೀಟರಿಗೆ (ಬೆಳಕನ್ನು ತರಂಗಾಂತರವಾರು ಬಿಡಿಸಿ ಅಳೆಯುವ ಉಪಕರಣಕ್ಕೆ) ಆಪ್ಟಿಕಲ್ ಫೈಬರ್ ಜೋಡಿಸಿ, ಅದರ ತುದಿಯ ಮಸೂರವನ್ನು ನೇರ ನೆತ್ತಿಗೆ ತಿರುಗಿಸಿರಿ. ಬೀದಿದೀಪಗಳ ಬೆಳಕು ನುಸುಳದಂತೆ ಮಸೂರದ ಸುತ್ತ ಕಪ್ಪು ಕೊಳವೆ ಇರಲೇಬೇಕು. ಉಪಕರಣದ ಉಷ್ಣಾಂಶ ಬದಲಾದರೆ ತರಂಗಾಂತರಗಳು ಜಾರುತ್ತವೆ. ಆದ್ದರಿಂದ ಅದನ್ನು ಸ್ಥಿರ ಉಷ್ಣಾಂಶದಲ್ಲಿಟ್ಟು, 430.8 ಮತ್ತು 486.1 ನ್ಯಾನೊಮೀಟರಿನ ಫ್ರೌನ್‌ಹೋಫರ್ ರೇಖೆಗಳೊಡನೆ (ಸೂರ್ಯನ ಬೆಳಕಿನಲ್ಲೇ ಇರುವ ಕಪ್ಪು ಗೆರೆಗಳೊಡನೆ) ಹೋಲಿಸಿ ಸರಿಪಡಿಸಿಕೊಳ್ಳಿರಿ.

ಗಾಳಿ ಚೆನ್ನಾಗಿ ಬೀಸುವ, ಸಂಚಾರ ಕಡಿಮೆಯಿರುವ ಭಾನುವಾರದ ನಡುಹಗಲಿನಲ್ಲಿ ಆಧಾರ ರೋಹಿತವನ್ನು, ಅಂದರೆ ಹೋಲಿಕೆಗೆ ಬೇಕಾದ ತರಂಗಾಂತರವಾರು ಬೆಳಕಿನ ದಾಖಲೆಯನ್ನು, ಪಡೆದಿಟ್ಟುಕೊಳ್ಳಿರಿ. ಬೆಳಿಗ್ಗೆ ಮತ್ತು ಸಂಜೆ, ಸೂರ್ಯ ನೆತ್ತಿಯಿಂದ 86ರಿಂದ 91 ಡಿಗ್ರಿ ದೂರದಲ್ಲಿರುವಾಗ, ಬಿಡುವಿಲ್ಲದೆ ರೋಹಿತಗಳನ್ನು ಪಡೆಯಿರಿ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ಸರಿಯಲು ಸುಮಾರು ನಾಲ್ಕೇ ನಿಮಿಷ ಸಾಕು. ಬೆಳಕಿಲ್ಲದಾಗಲೂ ಉಪಕರಣ ತೋರುವ ಕತ್ತಲೆಯ ಸಂಕೇತವನ್ನು ಕಳೆದು, ಆಧಾರದೊಡನೆ ಅನುಪಾತ ತೆಗೆದು, ಅದರ ಲಾಗರಿದಮ್ಮಿಗೆ ನೈಟ್ರೋಜನ್ ಡೈಆಕ್ಸೈಡ್, ಓಝೋನ್, ನೀರಾವಿ, ಆಮ್ಲಜನಕದ ಜೋಡಿ ಅಣು (ಜೊತೆಗೂಡಿದ ಎರಡು ಆಮ್ಲಜನಕದ ಅಣುಗಳು) ಇವುಗಳ ಹೀರಿಕೆಯ ಗುರುತುಗಳನ್ನೂ, ಗಾಳಿಯ ಅಣುಗಳಿಂದ ಚದುರಿದ ಬೆಳಕು ಫ್ರೌನ್‌ಹೋಫರ್ ರೇಖೆಗಳನ್ನು ತುಸು ತುಂಬುವ ರಿಂಗ್ ಪರಿಣಾಮವನ್ನೂ ಒಟ್ಟಿಗೆ ಹೊಂದಿಸಬೇಕು. ಸ್ತರಗೋಳ ಬಹಳ ತಂಪಾಗಿರುವುದರಿಂದ, ಈ ಅನಿಲದ ಹೀರಿಕೆಯ ದತ್ತಾಂಶವನ್ನು 220 ಕೆಲ್ವಿನ್ ಉಷ್ಣಾಂಶದ್ದನ್ನೇ ಬಳಸುವುದು ಸೂಕ್ತ.

ಹೀಗೆ ದೊರೆತ ಓರೆಹಾದಿಯ ಪ್ರಮಾಣವನ್ನು (ಬೆಳಕು ಸಾಗಿದ ಓರೆ ಹಾದಿಯುದ್ದಕ್ಕೂ ಇರುವ ಅನಿಲವನ್ನು), ಆಯಾ ಕೋನಕ್ಕೆ ಲೆಕ್ಕಹಾಕಿದ ಹಾದಿಯ ಹಿಗ್ಗುವಿಕೆಯ ಎದುರು ನಕ್ಷೆಯಲ್ಲಿ ಗುರುತಿಸಿದರೆ, ಗೆರೆಯ ಇಳಿಜಾರು ಲಂಬ ಪ್ರಮಾಣವನ್ನೂ (ನೆತ್ತಿಯ ಮೇಲೆ ನೇರವಾಗಿರುವ ಅನಿಲವನ್ನೂ), ಅದು ಅಕ್ಷವನ್ನು ಕಡಿಯುವ ಬಿಂದು ಆಧಾರ ರೋಹಿತದಲ್ಲಿ ಅಡಗಿದ್ದ ಪ್ರಮಾಣವನ್ನೂ ಕೊಡುತ್ತವೆ.

ರಾತ್ರಿ ಈ ಅನಿಲದ ಒಂದು ಭಾಗ ಡೈನೈಟ್ರೋಜನ್ ಪೆಂಟಾಕ್ಸೈಡ್ ಆಗಿ, ಹಗಲಿನ ಬಿಸಿಲಿಗೆ ಮೆಲ್ಲನೆ ಒಡೆಯುವುದರಿಂದ ಸಂಜೆಯ ಮೌಲ್ಯ ಮುಂಜಾನೆಯದಕ್ಕಿಂತ ಹೆಚ್ಚಿರಬೇಕು. ತಿರುವುಮುರುವಾದರೆ ಮೊದಲು ಹೊಗೆಯನ್ನೇ ಶಂಕಿಸಿರಿ. ದಟ್ಟ ಮಳೆಮೋಡದೊಳಗೆ ಬೆಳಕು ಮತ್ತೆ ಮತ್ತೆ ಚದುರಿ ಕೆಳಗಿನ ಹಾದಿಯೂ ಉದ್ದವಾಗುತ್ತದೆ. ಆಗ ಆಮ್ಲಜನಕದ ಜೋಡಿ ಅಣುವಿನ ಹೀರಿಕೆ ಥಟ್ಟನೆ ಏರುತ್ತದೆ. ಅಂಥ ದಾಖಲೆಗಳನ್ನು ಕೈಬಿಡಬೇಕು.