ಹಳೆಯ ಇಟಾಲಿಯನ್ ಒಪೆರಾ ಸ್ಕೋರನ್ನು ಪರಿಷ್ಕರಿಸುವುದು: ತಿದ್ದುವ ಮುಂಚೆ ತಪ್ಪಿನ ಮೂಲ ಹಿಡಿಯಿರಿ

ಸ್ಕೋರು ಅಂದರೆ ಎಲ್ಲ ವಾದ್ಯ, ಹಾಡುಗಳನ್ನು ಒಟ್ಟಿಗೆ ಬರೆದ ಸ್ವರಲಿಪಿ. ಅದನ್ನು ಪರಿಷ್ಕರಿಸುವ ಕೆಲಸ ಶುರುವಾಗುವುದು ಸ್ವರಗಳಿಂದಲ್ಲ, ಕೃತಿಯ ಯಾವ ಪಾಠವನ್ನು (ರೂಪವನ್ನು) ಅಚ್ಚು ಮಾಡುತ್ತೇವೆ ಎಂಬ ತೀರ್ಮಾನದಿಂದ. ಪುಚ್ಚೀನಿಯ ‘ಮದಾಮ ಬಟರ್‌ಫ್ಲೈ’ 1904ರ ಫೆಬ್ರವರಿ 17ರಂದು ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಬಿದ್ದುಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಬ್ರೆಶಿಯಾಕ್ಕಾಗಿ ಅವನು ಅದನ್ನು ತಿದ್ದಿದ, 1906ರಲ್ಲಿ ಪ್ಯಾರಿಸ್ಸಿಗಾಗಿ ಮತ್ತೆ ತಿದ್ದಿದ. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಒಂದರ ಮೊದಲ ಅಂಕಕ್ಕೆ ಇನ್ನೊಂದರ ಕೊನೆ ಹೊಲಿದರೆ ಯಾರೂ ಎಂದೂ ಆಡದ ಒಪೆರಾ ಹುಟ್ಟುತ್ತದೆ. ಉಳಿದ ರೂಪಗಳಿಗೆ ಅನುಬಂಧ ಇದ್ದೇ ಇದೆ.

ನಂತರ ಆಕರಗಳನ್ನು ಕಲೆಹಾಕಿ: ಸಂಗೀತಕಾರನ ಸ್ವಹಸ್ತಪ್ರತಿ, ಲಿಪಿಕಾರರ ನಕಲುಗಳು, ಮೊದಲ ಪ್ರದರ್ಶನದ ವಾದ್ಯಪಾಠಗಳು (ಒಬ್ಬೊಬ್ಬ ವಾದಕನ ಸ್ವರಹಾಳೆಗಳು), ಹಾಡು-ಪಿಯಾನೊ ಮುದ್ರಣ, ಮೊದಲ ಪ್ರದರ್ಶನಕ್ಕೆ ಅಚ್ಚಾದ ಲಿಬ್ರೆಟೊ (ಒಪೆರಾದ ಸಾಹಿತ್ಯದ ಪುಸ್ತಕ). ರೊಸ್ಸೀನಿಯ ‘ಸೆವಿಲ್ಲೆಯ ಕ್ಷೌರಿಕ’ದ (1816) ಸ್ವಹಸ್ತಪ್ರತಿ ಬೊಲೋನ್ಯಾದಲ್ಲಿದೆ, ವೆರ್ಡಿಯ ಹಲವು ಪ್ರತಿಗಳು ಮಿಲಾನಿನ ಸಂಗೀತ ಪ್ರಕಾಶಕ ರಿಕೋರ್ಡಿಯ ದಫ್ತರದಲ್ಲಿವೆ. ಹಳೆಯ ಲಿಬ್ರೆಟೊದಲ್ಲಿ ಕೆಲವು ಸಾಲುಗಳ ಎಡಕ್ಕೆ ಉದ್ಧರಣ ಚಿಹ್ನೆ ಕಂಡರೆ ಅದನ್ನು ಮಾತು ಎಂದುಕೊಳ್ಳಬೇಡಿ. ಅದು ರಂಗದಲ್ಲಿ ಬಿಟ್ಟ ಸಾಲಿನ ಗುರುತು.

ಸ್ಕ್ಯಾನ್ ಮಾಡಿದ ಚಿತ್ರಗಳಿಂದ ಮುಕ್ಕಾಲು ಕೆಲಸ ಮುಗಿಯುತ್ತದೆ. ಆದರೆ ಶಾಯಿಯ ಬಣ್ಣ, ಚಾಕುವಿನಿಂದ ಕೆರೆದ ಜಾಗ, ಹೊಲಿಗೆಯ ಬಳಿ ಉಳಿದ ಹರಿದ ಅಂಚು, ಇವಕ್ಕೆ ಮೂಲವನ್ನೇ ಕಣ್ಣಾರೆ ನೋಡಬೇಕು. ಹಾಳೆಗಳು ಹೇಗೆ ಮಡಿಚಿ ಸೇರಿವೆ ಎಂಬ ನಕ್ಷೆ ಬರೆದುಕೊಳ್ಳಿ. ಜೋಡಿಯಿಲ್ಲದ ಒಂಟಿ ಹಾಳೆ ಸಿಕ್ಕಿದರೆ ಅಲ್ಲಿ ಏನೋ ಕಿತ್ತಿದ್ದಾರೆ ಅಥವಾ ಸೇರಿಸಿದ್ದಾರೆ.

ಸ್ವಹಸ್ತಪ್ರತಿ ಇದ್ದಮಾತ್ರಕ್ಕೆ ಅದೇ ಅಂತಿಮ ಪ್ರಮಾಣವಾಗುವುದಿಲ್ಲ. ರೊಸ್ಸೀನಿಯ ವಿಷಯದಲ್ಲಿ ಸಾಮಾನ್ಯವಾಗಿ ಹೌದು. ಪುಚ್ಚೀನಿ ಮಾತ್ರ ಅಚ್ಚಾದ ಮೇಲೂ ಬದಲಾಯಿಸುತ್ತಿದ್ದವನು. ಅವನಲ್ಲಿ ತಡವಾದ ಮುದ್ರಣಕ್ಕೆ ತೂಕ ಹೆಚ್ಚು. ಎಲ್ಲವೂ ಒಬ್ಬನದೇ ಬರಹ ಎಂದೂ ನಂಬಬೇಡಿ: ರೊಸ್ಸೀನಿಯ ‘ಲಾ ಚೆನೆರೆಂತೊಲಾ’ದಲ್ಲಿ ಮಾತಿನಂತೆ ಹಾಡುವ ರೆಸಿಟೇಟಿವ್‌ಗಳನ್ನು ಬರೆದವನು ಲೂಕಾ ಅಗೊಲೀನಿ.

ಪುಟ ಓದುವ ಕ್ರಮಕ್ಕೂ ಕಣ್ಣು ಪಳಗಬೇಕು. ಆ ಕಾಲದ ಪುಟದಲ್ಲಿ ವಯೊಲಿನ್, ವಿಯೋಲಾ ಎಲ್ಲಕ್ಕಿಂತ ಮೇಲೆ, ಊದುವ ವಾದ್ಯಗಳು ನಡುವೆ, ಹಾಡು ಅದರ ಕೆಳಗೆ, ಚೆಲ್ಲೊ-ಬಾಸ್ ಬುಡದಲ್ಲಿ. ಸಂಗೀತಕಾರ ಮೊದಲು ಹಾಡು, ಬಾಸ್ ಮತ್ತು ಮುಖ್ಯ ವಾದ್ಯದ ಎಳೆಯನ್ನಷ್ಟೇ ಬರೆದು ಉಳಿದದ್ದನ್ನು ಆಮೇಲೆ ತುಂಬುತ್ತಿದ್ದ. ಹೀಗಾಗಿ ಹಾಡಿನ ಸಾಲು ತಿದ್ದುಪಡಿಯಾಗಿ, ಅದನ್ನು ಅನುಸರಿಸುವ ಕೊಳಲು ಹಳೆಯ ರೂಪದಲ್ಲೇ ಉಳಿದಿರಬಹುದು. ಪುಟದಲ್ಲಿ ಜಾಗ ಸಾಲದ ಹಿತ್ತಾಳೆ, ತಾಳವಾದ್ಯಗಳು ‘ಸ್ಪಾರ್ತಿತೀನೊ’ ಎಂಬ ಬೇರೆ ಹಾಳೆಯಲ್ಲಿರುತ್ತವೆ. ಅದು ಕಳೆದುಹೋಗಿದ್ದರೆ ‘ಇಲ್ಲಿ ಟ್ರೊಂಬೋನ್ ಇಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ‘ಕೋಮೆ ಸೋಪ್ರಾ’, ಅಂದರೆ ‘ಮೇಲಿನಂತೆ’, ಎಂದು ಬರೆದು ಬಾರ್‌ಗಳನ್ನು (ಗೆರೆಗಳಿಂದ ಬೇರ್ಪಡಿಸಿದ ತಾಳದ ಭಾಗಗಳನ್ನು) ಖಾಲಿ ಬಿಟ್ಟಿರುವ ಕಡೆ ಮಕ್ಕಿಕಾಮಕ್ಕಿ ನಕಲಿಸಬೇಡಿ. ಎರಡನೇ ಸಲ ಸಾಹಿತ್ಯ ಬೇರೆಯಾಗಿದ್ದರೆ ಅಕ್ಷರ ಕೂರಿಸಲು ಸ್ವರದ ಕಾಲವನ್ನು ಒಡೆಯಬೇಕಾಗುತ್ತದೆ.

ಇನ್ನು ತಪ್ಪುಗಳು. ಒಂದು ಉದಾಹರಣೆ ನೋಡಿ. ಹಾರ್ನ್ ಸಾಲಿನ ತಲೆಯಲ್ಲಿ ‘ಇ ಫ್ಲ್ಯಾಟ್’ ಎಂದು ವಾದ್ಯದ ಶ್ರುತಿ ಬರೆದಿದೆ. ನಲವತ್ತು ಬಾರ್ ಸರಿಯಾಗಿ ನಡೆದು, ಆಮೇಲೆ ಹಾರ್ನ್ ಪ್ರತಿ ಸ್ವರದಲ್ಲೂ ಬಾಸ್‌ನೊಂದಿಗೆ ಜಗಳವಾಡುತ್ತದೆ. ಒಂದೊಂದೇ ಸ್ವರ ತಿದ್ದಲು ಹೊರಡುವ ಮುನ್ನ ಅಂತರ ಅಳೆಯಿರಿ. ಎಲ್ಲವೂ ಒಂದೇ ಸಮನೆ ಒಂದು ಪೂರ್ಣ ಸ್ವರ ಕೆಳಗಿದ್ದರೆ ಸ್ವರಗಳು ತಪ್ಪಿಲ್ಲ. ವಾದಕ ಶ್ರುತಿ ಬದಲಿಸುವ ‘ಎಫ್’ ಕೊಳವೆ ಹಾಕಿಕೊಳ್ಳಬೇಕೆಂಬ ಸೂಚನೆಯನ್ನು ಸ್ಕೋರು ಬರೆದವನು ಮರೆತಿದ್ದಾನೆ. ತಿದ್ದುಪಡಿ ಒಂದೇ ಪದ. ಅಂತರ ಒಂದೆರಡು ಕಡೆ ಮಾತ್ರ ಕೆಟ್ಟಿದ್ದರೆ ಅದು ಕೈತಪ್ಪು.

ರೊಸ್ಸೀನಿಯ ಆಕ್ಸೆಂಟ್ (ಸ್ವರಕ್ಕೆ ಒತ್ತು ಕೊಡುವ) ಗುರುತು ಉದ್ದಕ್ಕೆ ಎಳೆದುಕೊಂಡು, ದನಿ ಇಳಿಸಲು ಹೇಳುವ ಡಿಮಿನುಯೆಂಡೊದಂತೆ ಕಾಣುತ್ತದೆ. ಗುರುತಿನ ಅಳತೆಯನ್ನು ಮಾತ್ರ ನಂಬಬೇಡಿ. ಅದೇ ಸ್ವರವಿನ್ಯಾಸ ಬೇರೆ ವಾದ್ಯದಲ್ಲಿ ಬಂದಾಗ ಏನಿದೆ, ಮುಂದಿನ ಬಾರ್‌ನಲ್ಲಿ ‘ಪಿಯಾನೊ’ (ಮೆಲ್ಲಗೆ) ಎಂದಿದೆಯೇ ಎಂದು ನೋಡಿ ನಿರ್ಧರಿಸಿ. ಸ್ಲರ್ (ಸ್ವರಗಳನ್ನು ಜೋಡಿಸುವ ಬಾಗುಗೆರೆ) ಪುಟದಂಚಿನಲ್ಲಿ ತೆರೆದು ನಿಂತು ಮುಂದಿನ ಪುಟದಲ್ಲಿ ಕಾಣದಿದ್ದರೆ ಬಹುಮಟ್ಟಿಗೆ ಪುಟ ತಿರುವಿದಾಗಿನ ಮರೆವು. ಹಾಗೆಂದು ಎಲ್ಲ ಸಾಲುಗಳನ್ನೂ ಇಸ್ತ್ರಿ ಹಾಕಿದಂತೆ ಸಮ ಮಾಡುವುದೂ ತಪ್ಪೇ. ಕೊಳಲಿಗೆ ಸ್ಲರ್, ವಯೊಲಿನ್‌ಗೆ ಬಿಡಿಬಿಡಿಯಾಗಿ ನುಡಿಸಲು ಹೇಳುವ ಚುಕ್ಕೆ ಎಂಬುದು ಬೇಕೆಂದೇ ಬರೆದದ್ದಿರಬಹುದು.

ಪರಂಪರೆಯ ರೂಢಿಯನ್ನು ತಪ್ಪಿನ ಪಟ್ಟಿಗೆ ಸೇರಿಸಬೇಡಿ, ಮೂಲಪಾಠಕ್ಕೂ ಸೇರಿಸಬೇಡಿ. ‘ಸೆವಿಲ್ಲೆಯ ಕ್ಷೌರಿಕ’ದ ನಾಯಕಿ ರೊಸೀನಾಳ ‘ಊನಾ ವೋಚೆ’ ಹಾಡು ಇರುವುದು ಇ ಮೇಜರ್‌ನಲ್ಲಿ. ಸೊಪ್ರಾನೊಗಳು (ಎತ್ತರದ ದನಿಯ ಗಾಯಕಿಯರು) ಅದನ್ನು ಎಫ್‌ಗೆ ಏರಿಸಿಕೊಂಡರು. ಟಿಪ್ಪಣಿಯಲ್ಲಿ ಒಂದು ಸಾಲು ಸಾಕು.

ಸಾಹಿತ್ಯದಲ್ಲಿ ಸೆನ್ಸಾರ್‌ನ ಕೈ ಹುಡುಕಿ. ‘ರಿಗೊಲೆಟ್ಟೊ’ (ವೆನಿಸ್, 1851) ಮೂರನೇ ಅಂಕದಲ್ಲಿ ಡ್ಯೂಕ್ ಛತ್ರದವನ ಬಳಿ ‘ಒಂದು ಕೋಣೆ, ಸ್ವಲ್ಪ ವೈನ್’ ಕೇಳುತ್ತಾನೆ ಎಂದು ಹಳೆಯ ಮುದ್ರಣಗಳು ಹೇಳುತ್ತವೆ. ವೆರ್ಡಿಯ ಕೈಬರಹದಲ್ಲಿರುವುದು ‘ನಿನ್ನ ತಂಗಿ, ಸ್ವಲ್ಪ ವೈನ್’. 1983ರ ವಿಮರ್ಶಾತ್ಮಕ ಆವೃತ್ತಿ (ಆಕರಗಳನ್ನು ಹೋಲಿಸಿ ಸಿದ್ಧಪಡಿಸಿದ ಮುದ್ರಣ) ಅದನ್ನು ಮರಳಿ ತಂದಿತು.

ಕಂಪ್ಯೂಟರಿಗೆ ಹಾಕುವಾಗ ಸಂಪಾದಕ ಸೇರಿಸಿದ್ದೆಲ್ಲ ಬೇರೆಯಾಗಿ ಕಾಣಲಿ: ಸ್ಲರ್‌ಗೆ ಮುರಿದ ಗೆರೆ, ‘ಪಿ’ (ಮೆಲ್ಲಗೆ), ‘ಎಫ್’ (ಜೋರಾಗಿ) ಗುರುತುಗಳಿಗೆ ಚೌಕ ಆವರಣ. ಸ್ವರಲಿಪಿ ಬರೆಯುವ ಫಿನಾಲೆ ತಂತ್ರಾಂಶದ ಅಭಿವೃದ್ಧಿ 2024ರಲ್ಲಿ ನಿಂತಿತು. ಹಳೆಯ ಕಡತಗಳಿದ್ದರೆ ಈಗಲೇ ಬೇರೆ ತಂತ್ರಾಂಶಗಳೂ ಓದಬಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್‌ಗೆ ತೆಗೆದಿಟ್ಟುಕೊಳ್ಳಿ. ಕರಡಚ್ಚನ್ನು ಎರಡು ರೀತಿ ಓದಿ: ಒಮ್ಮೆ ಮೇಲಿಂದ ಕೆಳಗೆ, ಸ್ವರಮೇಳಕ್ಕಾಗಿ, ಒಮ್ಮೆ ಒಂದೊಂದೇ ವಾದ್ಯವನ್ನು ಅಡ್ಡಲಾಗಿ, ಕೊನೆಯವರೆಗೆ. ಎರಡನೇ ಓದಿನಲ್ಲೇ ಬಿಟ್ಟುಹೋದ ‘ಆರ್ಕೊ’ (ಮತ್ತೆ ಕಮಾನಿನಿಂದ ನುಡಿಸಿ ಎಂಬ ಸೂಚನೆ) ಸಿಗುವುದು. ಕೇಳಿ ಪರೀಕ್ಷಿಸುವ ಪ್ಲೇಬ್ಯಾಕ್ ಅದನ್ನು ಹಿಡಿಯದು. ಪಿಟ್ಸಿಕಾಟೊ (ಬೆರಳಿನಿಂದ ತಂತಿ ಮೀಟುವುದು) ಸುಮ್ಮನೆ ಮುಂದುವರಿಯುತ್ತದೆ.

ಸ್ಕೋರು, ವಾದ್ಯಪಾಠ, ಹಾಡು-ಪಿಯಾನೊ ಪ್ರತಿ ಮೂರರಲ್ಲೂ ಬಾರ್ ಸಂಖ್ಯೆ ಒಂದೇ ಇರಬೇಕು. ವಾದ್ಯಪಾಠದಲ್ಲಿ ಪುಟ ತಿರುವುವ ಜಾಗಕ್ಕೆ ವಿರಾಮ ಬರಲಿ. ಟಿಪ್ಪಣಿಯಲ್ಲಿ ಪ್ರತಿ ತಿದ್ದುಪಡಿಗೆ ಬಾರ್, ವಾದ್ಯ, ಆಕರದಲ್ಲಿದ್ದ ಪಾಠ, ತಿದ್ದಿದ ಕಾರಣ, ಇಷ್ಟು ಸಾಕು.

ಹಕ್ಕಿನ ವಿಚಾರ: ಸಾರ್ವಜನಿಕ ಸ್ವತ್ತಾದ ಕೃತಿಯ ವಿಮರ್ಶಾತ್ಮಕ ಆವೃತ್ತಿಗೆ ಇಟಲಿಯ ಕಾನೂನು ಪ್ರಕಟಣೆಯಿಂದ 20 ವರ್ಷ ರಕ್ಷಣೆ ಕೊಡುತ್ತದೆ. ಆದ್ದರಿಂದ ಇನ್ನೊಬ್ಬರ ಹೊಸ ಆವೃತ್ತಿಯನ್ನು ಎದುರಿಗಿಟ್ಟುಕೊಂಡು ಸ್ವರ ತುಂಬಿಸಬೇಡಿ; ಪ್ರತಿ ಬಾರ್ ಅನ್ನೂ ಆಕರದಿಂದಲೇ ಎತ್ತಿ. ಹಕ್ಕಿನ ಅವಧಿಯನ್ನು ಮರಣದಿಂದ ಎಣಿಸುವುದರಿಂದ ಲಿಬ್ರೆಟೊ ಬರೆದವನ ಮರಣದ ವರ್ಷವನ್ನೂ ಬೇರೆಯಾಗಿ ನೋಡಿ. ಪುಚ್ಚೀನಿ ತೀರಿದ್ದು 1924ರಲ್ಲಿ, ‘ತುರಾಂದೋತ್’ ಪಠ್ಯದ ಇಬ್ಬರಲ್ಲಿ ಒಬ್ಬನಾದ ಸಿಮೋನಿ 1952ರಲ್ಲಿ.