ಗಾಜಿನ ಆಚೆಗಿನ ಹವಳ: ಕ್ಲೋಸಪ್ ಫೋಟೋ ತೆಗೆಯುವ ನನ್ನ ಅನುಭವ

ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಹವಳ ಸಾಕುವವರಿಗೆಲ್ಲ ಒಂದು ಬೇಸರ ಇದ್ದೇ ಇರುತ್ತದೆ. ಕಣ್ಣಿಗೆ ಹಸಿರು, ಕಿತ್ತಳೆ, ನೇರಳೆಯಾಗಿ ಹೊಳೆಯುವ ಹವಳ ಫೋಟೋದಲ್ಲಿ ಬರೀ ನೀಲಿ ಮುದ್ದೆ. ಹತ್ತಿರ ಹೋದಷ್ಟೂ ಮಸುಕು. ದುಬಾರಿ ಕ್ಯಾಮೆರಾ ಇದ್ದರೆ ಇದು ಸರಿಹೋಗುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನಾನು ಕಂಡುಕೊಂಡದ್ದು ಬೇರೆ. ಲೆನ್ಸ್‌ಗೂ ಹವಳಕ್ಕೂ ನಡುವೆ ಗಾಜು ಇದೆ, ನೀರು ಇದೆ, ನೀಲಿ ಬೆಳಕು ಇದೆ. ಈ ಮೂರನ್ನು ಸರಿಮಾಡಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ. ಕ್ಯಾಮೆರಾದ ಮಾತು ಆಮೇಲೆ.

ಗಾಜಿನ ಒಳಬದಿಯಲ್ಲಿ ಕೂರುವ ಪಾಚಿಯ ತೆಳು ಪೊರೆ ದೂರದಿಂದ ಕಾಣುವುದೇ ಇಲ್ಲ. ಆದರೆ ಫೋಟೋದ ಕಾಂಟ್ರಾಸ್ಟನ್ನೆಲ್ಲ ಅದೇ ತಿಂದುಹಾಕುತ್ತದೆ. ಫೋಟೋ ತೆಗೆಯುವ ಹಿಂದಿನ ದಿನವೇ ಮ್ಯಾಗ್ನೆಟ್ ಕ್ಲೀನರ್‌ನಿಂದ ಒಳಬದಿ ಉಜ್ಜುತ್ತೇನೆ. ಅದೇ ದಿನ ಉಜ್ಜಿದರೆ ಎದ್ದ ಕಸ ನೀರಿನಲ್ಲೇ ತೇಲುತ್ತಿರುತ್ತದೆ. ಮ್ಯಾಗ್ನೆಟ್ಟನ್ನು ಮರಳಿನ ಹತ್ತಿರಕ್ಕೆ ಒಯ್ಯುವುದಿಲ್ಲ, ಒಂದೇ ಒಂದು ಕಣ ಸಿಕ್ಕಿಕೊಂಡರೂ ಗಾಜಿಗೆ ಶಾಶ್ವತ ಗೀರು ಬೀಳುತ್ತದೆ. ಹೊರಬದಿಯನ್ನು ಆರ್‌ಓ ನೀರಿನಲ್ಲಿ ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸುತ್ತೇನೆ. ಒಣಗಿದ ಉಪ್ಪಿನ ಹನಿಗಳು ಫೋಟೋದಲ್ಲಿ ಬಿಳಿ ಮಂಜಿನಂತೆ ಕಾಣುತ್ತವೆ.

ಗಾಜಿನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕೋನ. ಲೆನ್ಸ್ ಗಾಜಿಗೆ ಸರಿಯಾಗಿ 90 ಡಿಗ್ರಿಯಲ್ಲಿ ಇರಬೇಕು. ಗಾಳಿಯ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) 1, ಸಮುದ್ರದ ನೀರಿನದು ಸುಮಾರು 1.34, ಗಾಜಿನದು 1.5ರ ಆಸುಪಾಸು. ಓರೆಯಾಗಿ ನೋಡಿದರೆ ಒಂದೊಂದು ಬಣ್ಣದ ಬೆಳಕೂ ಒಂದೊಂದು ಅಳತೆಯಲ್ಲಿ ಬಾಗುತ್ತದೆ. ಹಾಗಾಗಿ ಅಂಚುಗಳಲ್ಲಿ ಕೆಂಪು, ನೀಲಿ ಗೆರೆ ಮೂಡಿ ಚಿತ್ರ ಹರಡಿಕೊಳ್ಳುತ್ತದೆ. ಎಷ್ಟೇ ಒಳ್ಳೆಯ ಲೆನ್ಸ್ ಇರಲಿ, ಇದನ್ನು ತಡೆಯಲಾರದು. ಹವಳ ಕೆಳಗಿದ್ದರೆ ಕ್ಯಾಮೆರಾವನ್ನು ಬಗ್ಗಿಸುವುದಿಲ್ಲ, ಟ್ರೈಪಾಡನ್ನೇ ಇಳಿಸುತ್ತೇನೆ. ಬಾಗಿದ ಗಾಜಿನ ಟ್ಯಾಂಕ್ ಇರುವವರು ಚಪ್ಪಟೆಯಾದ ಪಕ್ಕದ ಗಾಜಿನಿಂದ ತೆಗೆಯುವುದು ಒಳ್ಳೆಯದು. ಲೆನ್ಸ್‌ನ ತುದಿಗೆ ಒಂದು ರಬ್ಬರ್ ಹುಡ್ ಹಾಕಿ ಅದನ್ನು ಗಾಜಿಗೆ ಒತ್ತಿಬಿಟ್ಟರೆ ಕೋನವೂ ತಾನಾಗಿ ನೇರವಾಗುತ್ತದೆ, ಕೋಣೆಯ ಪ್ರತಿಬಿಂಬವೂ ಬೀಳುವುದಿಲ್ಲ. ಇಷ್ಟು ಚಿಕ್ಕ ವಸ್ತುವಿನಿಂದ ಇಷ್ಟು ಲಾಭ ನನಗೆ ಬೇರೆ ಯಾವುದರಿಂದಲೂ ಸಿಕ್ಕಿಲ್ಲ. ಹುಡ್ ಇಲ್ಲದಿದ್ದರೆ ಕೋಣೆಯ ದೀಪ ಆರಿಸಿ, ಕಪ್ಪು ಬಟ್ಟೆ ಹಾಕಿಕೊಂಡು ನಿಂತರೂ ಆಗುತ್ತದೆ.

ಇನ್ನು ನೀರು. ಟ್ಯಾಂಕಿನೊಳಗೆ ಹರಿವು ಹುಟ್ಟಿಸುವ ಪವರ್‌ಹೆಡ್‌ಗಳನ್ನೂ, ಸಂಪ್ ಎಂಬ ಕೆಳಗಿನ ತೊಟ್ಟಿಯಿಂದ ನೀರನ್ನು ಮೇಲೆ ತರುವ ರಿಟರ್ನ್ ಪಂಪನ್ನೂ ಆಫ್ ಮಾಡುತ್ತೇನೆ. ರಿಟರ್ನ್ ನಿಂತಾಗ ಮೇಲಿನ ನೀರು ಒಂದಷ್ಟು ಸಂಪ್‌ಗೆ ಇಳಿಯುತ್ತದೆ. ಅಷ್ಟನ್ನು ಹಿಡಿಯುವ ಜಾಗ ಅಲ್ಲಿದೆಯೇ ಅಂತ ಮೊದಲೇ ನೋಡಿಕೊಂಡಿರಬೇಕು. ಆಮೇಲೆ ಸುಮಾರು ಹತ್ತು ನಿಮಿಷ ಸುಮ್ನೆ ಕೂರುತ್ತೇನೆ. ಕಣಗಳು ಕೆಳಗೆ ಇಳಿಯಬೇಕು, ಗುಳ್ಳೆಗಳು ಮೇಲೆ ಹೋಗಬೇಕು. ಈ ಹೊತ್ತಿನಲ್ಲಿ ಹವಳಗಳನ್ನು ನೋಡುವುದೇ ಒಂದು ಪಾಠ. ಕೆಲವು ಹರಿವು ನಿಂತ ಮೇಲೆ ಪಾಲಿಪ್‌ಗಳನ್ನು (ಹವಳದ ಮೇಲಿನ, ಬಾಯಿ ಮತ್ತು ಕರಬಳ್ಳಿಗಳಿರುವ ಪುಟ್ಟ ಜೀವಿಗಳನ್ನು) ಒಳಗೆ ಎಳೆದುಕೊಳ್ಳುತ್ತವೆ, ಕೆಲವು ಇನ್ನಷ್ಟು ಚಾಚುತ್ತವೆ. ಒಳಗೆ ಎಳೆದುಕೊಳ್ಳುವವುಗಳ ಫೋಟೋವನ್ನು ಮೊದಲು ತೆಗೆದುಬಿಡುತ್ತೇನೆ. ಗೋನಿಯೋಪೋರದಂಥ ಉದ್ದ ಪಾಲಿಪ್‌ನವು ಪೂರ್ತಿ ಸ್ತಬ್ಧವಾಗುವವರೆಗೆ ಕಾಯುತ್ತೇನೆ. ಮೀನುಗಳಿಗೆ ಊಟ ಫೋಟೋ ಮುಗಿದ ಮೇಲೆ. ಪಂಪ್ ಮತ್ತೆ ಆನ್ ಮಾಡಲು ಫೋನ್‌ನಲ್ಲಿ ಅಲಾರಂ ಇಡುವುದನ್ನು ತಪ್ಪಿಸುವುದಿಲ್ಲ. ಹರಿವಿಲ್ಲದ ನೀರಿನಲ್ಲಿ ಆಮ್ಲಜನಕ ಇಳಿಯುತ್ತಾ ಹೋಗುತ್ತದೆ. ಒಂದು ಚಿತ್ರಕ್ಕಾಗಿ ಜೀವಿಗಳನ್ನು ಕಷ್ಟಕ್ಕೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ.

ನಿಜವಾದ ಜಟಿಲತೆ ಇರುವುದು ಬೆಳಕಿನಲ್ಲಿ. ನಮ್ಮ ರೀಫ್ ಎಲ್‌ಇಡಿಗಳ ಶಕ್ತಿ ಬಹುಪಾಲು 420ರಿಂದ 460 ನ್ಯಾನೋಮೀಟರ್ ನಡುವೆ ಇರುತ್ತದೆ. ಹವಳದೊಳಗೆ ಬದುಕುವ ಜೂಕ್ಸಾಂಥೆಲ್ಲೆ ಪಾಚಿಗೆ ಈ ನೀಲಿ ಚೆನ್ನಾಗಿ ಒಗ್ಗುತ್ತದೆ. ಕ್ಯಾಮೆರಾ ಸೆನ್ಸರ್‌ಗೆ ಅದೇ ಕಷ್ಟ. ಒಟ್ಟಾರೆ ಎಕ್ಸ್‌ಪೋಷರ್ ಸರಿ ಇದೆ ಅಂತ ಮೀಟರ್ ಹೇಳುವಾಗಲೇ ನೀಲಿ ಚಾನೆಲ್ ಪೂರ್ತಿ ತುಂಬಿ ಹರಿದಿರುತ್ತದೆ, ಕೆಂಪು ಚಾನೆಲ್‌ನಲ್ಲಿ ಹೆಚ್ಚುಕಡಿಮೆ ಏನೂ ಇರುವುದಿಲ್ಲ. ತುಂಬಿ ಹರಿದದ್ದನ್ನು ಆಮೇಲೆ ಎಡಿಟಿಂಗ್‌ನಲ್ಲಿ ವಾಪಸ್ ತರಲು ಆಗುವುದಿಲ್ಲ. ಅದಕ್ಕೇ ನಾನು ಮೂರೂ ಬಣ್ಣವನ್ನು ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ, ಅಂದರೆ ಬೆಳಕಿನ ಪ್ರಮಾಣದ ಗ್ರಾಫ್, ನೋಡುತ್ತೇನೆ. ನೀಲಿ ಗೆರೆ ಬಲಗಡೆಯ ಗೋಡೆಗೆ ಬಡಿಯುತ್ತಿದ್ದರೆ ಎಕ್ಸ್‌ಪೋಷರ್ ಇಳಿಸುತ್ತೇನೆ, ಪರದೆಯಲ್ಲಿ ಚಿತ್ರ ಕಪ್ಪಾಗಿ ಕಂಡರೂ ಪರವಾಗಿಲ್ಲ. ಫೈಲ್ ಮಾತ್ರ ರಾ (ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಹಾಗೇ ಉಳಿಸುವ ರೂಪ) ಆಗಿರಲೇಬೇಕು. ಜೆಪೆಗ್‌ನಲ್ಲಿ ಈ ಬೆಳಕನ್ನು ತಿದ್ದಲು ಹೋದರೆ ಬಣ್ಣಗಳು ಪಟ್ಟಿಪಟ್ಟಿಯಾಗಿ ಒಡೆಯುತ್ತವೆ.

ಬಿಳಿ ಬಿಳಿಯಾಗಿಯೇ ಕಾಣುವಂತೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಸಂಖ್ಯೆಯಲ್ಲಿ ಇಡಲು ಹೋದರೆ ಬಹಳಷ್ಟು ಕ್ಯಾಮೆರಾಗಳು 10,000ಕ್ಕೆ ನಿಂತುಬಿಡುತ್ತವೆ. ನಮ್ಮ ಟ್ಯಾಂಕ್‌ಗಳಿಗೆ ಅದು ಸಾಲದು. ನಾನು ಬಿಳಿ ಪಿವಿಸಿಯ ಒಂದು ಚಿಕ್ಕ ತುಂಡನ್ನು ಹವಳದ ಪಕ್ಕ, ಅದೇ ಆಳದಲ್ಲಿ, ಅದೇ ಬೆಳಕು ಬೀಳುವಂತೆ ಹಿಡಿದು ಕಸ್ಟಮ್ ವೈಟ್ ಬ್ಯಾಲೆನ್ಸ್ ತೆಗೆದುಕೊಳ್ಳುತ್ತೇನೆ. ಆಳ ಬದಲಾದರೆ ಬೆಳಕೂ ಬದಲಾಗುತ್ತದೆ, ಆದ್ದರಿಂದ ಮೇಲ್ಭಾಗದಲ್ಲಿರುವ ಅಕ್ರೋಪೋರ ಎಂಬ ಕವಲು ಹವಳಕ್ಕೆ ಒಂದು, ತಳದ ಹವಳಗಳಿಗೆ ಇನ್ನೊಂದು. ಇದೂ ಸಾಲದಿದ್ದರೆ ಲೆನ್ಸ್ ಮುಂದೆ ಹಳದಿ ಅಥವಾ ಕಿತ್ತಳೆ ಫಿಲ್ಟರ್. ಅದು ನೀಲಿಯನ್ನು ಸೆನ್ಸರ್ ತಲುಪುವ ಮೊದಲೇ ತಡೆಯುತ್ತದೆ. ಎಡಿಟಿಂಗ್‌ನಲ್ಲಿ ನೀಲಿ ತೆಗೆಯುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಹಸಿರು, ಕೆಂಪು ಚಾನೆಲ್‌ಗಳಿಗೆ ಬೇಕಾದಷ್ಟು ಎಕ್ಸ್‌ಪೋಷರ್ ಕೊಡಲು ಜಾಗ ಸಿಗುತ್ತದೆ.

ಫಿಲ್ಟರ್ ಹಾಕಿದಾಗ ಹವಳ ಒಮ್ಮೆಲೇ ಉರಿಯುವಂತೆ ಹೊಳೆಯುವುದನ್ನು ನೀವು ನೋಡಿರಬಹುದು. ಅದು ಫಿಲ್ಟರ್ ಬಳಿದ ಬಣ್ಣವಲ್ಲ. ಹವಳದ ಅಂಗಾಂಶದಲ್ಲಿ ಪ್ರತಿದೀಪ್ತ ಪ್ರೋಟೀನ್‌ಗಳಿವೆ. ನೀಲಿ ಬೆಳಕನ್ನು ಹೀರಿ ಹಸಿರು, ಕಿತ್ತಳೆ, ಕೆಂಪಾಗಿ ಹೊರಬಿಡುವುದು ಅವೇ. ಇಂಥ ಹಸಿರು ಪ್ರೋಟೀನ್ ಮೊದಲು ಗೊತ್ತಾದದ್ದು ಒಂದು ಜೆಲ್ಲಿ ಮೀನಿನಲ್ಲಿ. ಒಸಾಮು ಶಿಮೊಮುರಾ ಅದರ ಬಗ್ಗೆ ವರದಿ ಮಾಡಿದ್ದು 1962ರಲ್ಲಿ. ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚೆನ್ ಜೊತೆ ಅವರಿಗೆ 2008ರ ರಸಾಯನಶಾಸ್ತ್ರದ ನೊಬೆಲ್ ಬಂತು. ಮುಂದೆ ಕೆಂಪು ಪ್ರೋಟೀನ್ ಸಿಕ್ಕಿದ್ದು ಡಿಸ್ಕೋಸೋಮದಲ್ಲಿ, ಅಂದರೆ ನಮ್ಮ ಟ್ಯಾಂಕ್‌ಗಳಲ್ಲಿ ಸಾಮಾನ್ಯವಾಗಿರುವ ಮಶ್ರೂಮ್ ಹವಳದಲ್ಲಿ. ಫಿಲ್ಟರ್ ಮಾಡುವುದಿಷ್ಟೇ: ದೀಪದ ನೀಲಿಯನ್ನು ತಡೆದು, ಹವಳದಿಂದಲೇ ಹೊರಟ ಬೆಳಕನ್ನು ಒಳಗೆ ಬಿಡುತ್ತದೆ.

ಹಾಗಾಗಿ ಒಂದು ಹವಳಕ್ಕೆ ಎರಡು ನಿಜವಾದ ಬಣ್ಣಗಳಿವೆ ಅಂತ ನಾನು ನಂಬುತ್ತೇನೆ. ಬಿಳಿ ಬೆಳಕಿನಲ್ಲಿ ಪ್ರತಿಫಲಿಸುವ ಬಣ್ಣ ಒಂದು, ನೀಲಿ ಬೆಳಕಿನಲ್ಲಿ ತಾನೇ ಹೊಳೆಯುವ ಬಣ್ಣ ಇನ್ನೊಂದು. ಎರಡನ್ನೂ ತೆಗೆಯುತ್ತೇನೆ, ಫೈಲ್ ಹೆಸರಿನಲ್ಲಿ ಯಾವುದು ಯಾವ ಬೆಳಕು ಅಂತ ಬರೆಯುತ್ತೇನೆ. ಸ್ಯಾಚುರೇಷನ್ ಸ್ಲೈಡರನ್ನು ಮಾತ್ರ ಮುಟ್ಟುವುದಿಲ್ಲ. ಟ್ಯಾಂಕ್ ಪಕ್ಕದಲ್ಲೇ ಕೂತು, ಹವಳವನ್ನೂ ಪರದೆಯನ್ನೂ ಒಟ್ಟಿಗೆ ನೋಡುತ್ತಾ ಎಡಿಟ್ ಮಾಡುತ್ತೇನೆ. ಎಳೆದು ಹಿಗ್ಗಿಸಿದ ಬಣ್ಣದ ಫೋಟೋ ನೋಡಿ ಫ್ರ್ಯಾಗ್ (ಬೆಳೆಸಲೆಂದು ಕತ್ತರಿಸಿದ ಹವಳದ ತುಂಡು) ಕೊಂಡವರು, ತಮ್ಮ ನೀರಿನಲ್ಲೇ ಏನೋ ದೋಷವಿದೆ ಅಂತ ಆರೋಗ್ಯವಾಗಿರುವ ಟ್ಯಾಂಕನ್ನು ಕೆದಕಲು ಶುರುಮಾಡುತ್ತಾರೆ. ಇದು ನಿಜಕ್ಕೂ ಹವಳಗಳಿಗೆ ಹಾನಿ ಮಾಡುವ ಸುಳ್ಳು, ಅಲ್ವಾ?

ಲೆನ್ಸ್ ಬಗ್ಗೆ ಹೇಳುವುದು ಕಡಿಮೆ. ನನ್ನದು 100 ಮಿಲಿಮೀಟರ್ ಮ್ಯಾಕ್ರೋ. 1:1 ಅಳತೆಯಲ್ಲಿ, ಅಂದರೆ ವಸ್ತು ಸೆನ್ಸರ್ ಮೇಲೆ ತನ್ನ ನಿಜ ಗಾತ್ರದಲ್ಲೇ ಬೀಳುವಾಗ, ಲೆನ್ಸ್‌ನ ಮುಂಭಾಗದಿಂದ ಸುಮಾರು 15 ಸೆಂಟಿಮೀಟರ್ ದೂರದಲ್ಲಿ ಫೋಕಸ್ ಆಗುತ್ತದೆ. ನೀರಿನೊಳಗಿನ ವಸ್ತು ಇರುವುದಕ್ಕಿಂತ ಹತ್ತಿರ ಕಾಣುವುದರಿಂದ ಇನ್ನೂ ಸ್ವಲ್ಪ ಒಳಕ್ಕೆ ತಲುಪಬಹುದು. ಆದರೂ 1:1ಕ್ಕೆ ಹೋಗುವುದು ಅಪರೂಪ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಬಿಡುವ ಕಿಂಡಿ) ಎಫ್/8 ಇಟ್ಟರೆ 1:1ರಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. 1:2ಕ್ಕೆ ಹಿಂದೆ ಸರಿದರೆ ಅದು ಹತ್ತಿರಹತ್ತಿರ 3 ಮಿಲಿಮೀಟರ್ ಆಗುತ್ತದೆ. ಗುಂಡಿಯಂಥ ಪುಟ್ಟ ಪಾಲಿಪ್‌ಗಳ ಜೀವಿಯಾದ ಜೋವಾಂಥಿಡ್‌ನ ಬಾಯಿ ಮತ್ತು ಸುತ್ತಲಿನ ತಟ್ಟೆ ಎರಡೂ ಸ್ಪಷ್ಟವಾಗಲು ಈ ವ್ಯತ್ಯಾಸವೇ ಸಾಕು. ಅಪರ್ಚರನ್ನು ಎಫ್/16 ದಾಟಿ ಮುಚ್ಚುತ್ತಾ ಹೋದರೆ, ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವ ಡಿಫ್ರ್ಯಾಕ್ಷನ್‌ನಿಂದ ಎಲ್ಲವೂ ಮೃದುವಾಗುತ್ತದೆ. ಆಟೋಫೋಕಸ್ ಬಳಸುವುದಿಲ್ಲ. ಲೈವ್ ವ್ಯೂ ಹಿಗ್ಗಿಸಿ, ಫೋಕಸ್ ರೈಲ್ ಮೇಲೆ ಇಡೀ ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಸರಿಸುತ್ತೇನೆ, ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯುತ್ತೇನೆ. ಚಿತ್ರದಲ್ಲಿ ಅಡ್ಡಡ್ಡ ಪಟ್ಟಿ ಬಂದರೆ ಅದು ಡಿಮ್ ಮಾಡಿದ ಎಲ್‌ಇಡಿ ವೇಗವಾಗಿ ಮಿನುಗುವುದರಿಂದ. ಷಟರ್ ವೇಗ ಇಳಿಸಿದರೆ ಅಥವಾ ಎಲೆಕ್ಟ್ರಾನಿಕ್ ಷಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬದಲಿಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಬೇರೆಬೇರೆ ಆಳದ ಚಿತ್ರಗಳನ್ನು ಸೇರಿಸುವ ಫೋಕಸ್ ಸ್ಟ್ಯಾಕಿಂಗ್ ಅಲುಗಾಡದ ಹವಳಗಳಿಗೆ ಚೆನ್ನ. ಚಾಲಿಸ್, ಪಾಲಿಪ್ ಮುಚ್ಚಿಕೊಂಡ ಅಕ್ರೋಪೋರದ ತುದಿ, ಇಂಥವು. ಉದ್ದ ಕರಬಳ್ಳಿಗಳು ಓಲಾಡುತ್ತಲೇ ಇರುವ ಯೂಫಿಲಿಯದಂಥವಕ್ಕೆ ಅದರ ಗೋಜಿಗೇ ಹೋಗುವುದಿಲ್ಲ.

ಫೋನ್ ಇರುವವರಿಗೂ ಇದೆಲ್ಲ ಅನ್ವಯಿಸುತ್ತದೆ. ರಾ ಮೋಡ್, ಕ್ಲಿಪ್ ಹಾಕುವ ಮ್ಯಾಕ್ರೋ ಲೆನ್ಸ್, ಕಿತ್ತಳೆ ಫಿಲ್ಟರ್, ಗಾಜಿಗೆ ನೇರ ಕೋನ. ಇಷ್ಟರಲ್ಲಿ ಆಶ್ಚರ್ಯವಾಗುವಂಥ ಚಿತ್ರ ಬರುತ್ತದೆ.

ಮೇಲಿನಿಂದ ತೆಗೆಯುವುದನ್ನು ಒಮ್ಮೆಯಾದರೂ ಮಾಡಿ ನೋಡಿ. ಬೆಳಕು ಬೀಳುವುದು ಮೇಲಿನಿಂದ, ಹವಳ ಬಣ್ಣ ಜಾಸ್ತಿ ಕಟ್ಟುವುದೂ ಆ ಕಡೆಗೇ. ತಳಕ್ಕೆ ಪಾರದರ್ಶಕ ಅಕ್ರಿಲಿಕ್ ಇರುವ ಡಬ್ಬಿಯನ್ನು ನೀರಿನ ಮೇಲ್ಮೈಗೆ ಒತ್ತಿ ಹಿಡಿದರೆ ಅಲೆಗಳ ಕಾಟ ತಪ್ಪುತ್ತದೆ. ಕ್ಯಾಮೆರಾದ ಪಟ್ಟಿ ಕತ್ತಿನಲ್ಲಿರಲಿ. ಮುಗಿದ ಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾವನ್ನು ಒರೆಸಬೇಕು, ಉಪ್ಪು ಲೋಹವನ್ನು ಬಿಡುವುದಿಲ್ಲ. ಚಿತ್ರಕ್ಕಾಗಿ ಫ್ರ್ಯಾಗ್‌ಗಳನ್ನು ಅತ್ತಿತ್ತ ಸರಿಸುವಾಗ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕುತ್ತೇನೆ. ಕೆಲವು ಜೋವಾಂಥಿಡ್‌ಗಳಲ್ಲಿ, ಅದರಲ್ಲೂ ಪಾಲಿಥೋವಗಳಲ್ಲಿ, ಪಾಲಿಟಾಕ್ಸಿನ್ ಎಂಬ ಭಾರಿ ವಿಷ ಇರುತ್ತದೆ. ಗಾಯದಿಂದಲೋ ಕಣ್ಣಿಗೆ ಸಿಡಿದೋ ಅದು ಒಳಗೆ ಹೋಗಬಾರದು.

ಇಷ್ಟೆಲ್ಲ ಮಾಡಿದ ಮೇಲೆ ಸಿಗುವ ಚಿತ್ರವನ್ನು ಪರದೆಯಲ್ಲಿ ಪೂರ್ತಿ ಹಿಗ್ಗಿಸಿ ನೋಡುವಾಗ ನನಗೆ ಬೇರೆಯೇ ಖುಷಿ. ಮೆತ್ತನೆ ಹವಳದ ಪಾಲಿಪ್‌ಗೆ ಗರಿಯಂತೆ ಕವಲೊಡೆದ ಎಂಟು ಕರಬಳ್ಳಿಗಳು, ಗಟ್ಟಿ ಹವಳದ್ದಕ್ಕೆ ಹೆಚ್ಚಾಗಿ ಆರರ ಗುಣಕದಲ್ಲಿ. ಇದನ್ನು ಓದಿ ಗೊತ್ತಿದ್ದರೂ ನನ್ನದೇ ಟ್ಯಾಂಕ್‌ನಲ್ಲಿ ಎಣಿಸಿದಾಗಿನ ಸಂತೋಷವೇ ಬೇರೆ. ಜೊತೆಗೆ ಈ ಚಿತ್ರಗಳು ಹವಳದ ಆರೋಗ್ಯದ ದಾಖಲೆಯೂ ಹೌದು. ಪ್ರತಿ ತಿಂಗಳು ಅದೇ ಕೋನ, ಅದೇ ದೀಪದ ಸೆಟ್ಟಿಂಗ್, ಅದೇ ವೈಟ್ ಬ್ಯಾಲೆನ್ಸ್ ಇಟ್ಟು ಒಂದೊಂದು ಚಿತ್ರ ತೆಗೆಯುತ್ತೇನೆ. ಬುಡದಲ್ಲಿ ಅಂಗಾಂಶ ಹಿಂದೆ ಸರಿದು ಬಿಳಿ ಅಸ್ಥಿ ಕಾಣತೊಡಗಿದ್ದು, ಬಣ್ಣ ಮೆಲ್ಲಗೆ ಮಾಸುತ್ತಿರುವುದು ದಿನವೂ ನೋಡುವ ಕಣ್ಣಿಗೆ ತಿಳಿಯುವುದಿಲ್ಲ. ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ತಕ್ಷಣ ತಿಳಿಯುತ್ತದೆ. ಅಕ್ರೋಪೋರದ ಮೇಲಿನ ರೆಡ್ ಬಗ್ ಎಂಬ ಪರೋಪಜೀವಿಗಳು ಅರ್ಧ ಮಿಲಿಮೀಟರ್‌ನಷ್ಟೇ ಇರುತ್ತವೆ, ಮ್ಯಾಕ್ರೋ ಚಿತ್ರದಲ್ಲಿ ಅವು ಹಳದಿ ಮೈಯ ಮೇಲೆ ಕೆಂಪು ಚುಕ್ಕೆಯಾಗಿ ಕಾಣುತ್ತವೆ. ಹವಳ ತಿನ್ನುವ ಚಪ್ಪಟೆ ಹುಳುಗಳು ಹವಳದ ಬಣ್ಣಕ್ಕೇ ಹೊಂದಿಕೊಂಡು ಅಡಗಿರುತ್ತವೆ, ಆದರೆ ಅವು ಕಚ್ಚಿದ ದುಂಡನೆಯ ಬಿಳಿಚಿದ ಗುರುತು ಅಡಗುವುದಿಲ್ಲ. ಅಂಥ ಗುರುತು ಕಂಡರೆ ನಾನು ಮೊದಲು ಹವಳದ ಬುಡದ ಬರಿಯ ಅಸ್ಥಿಯ ಭಾಗದ ಫೋಟೋವನ್ನು ಹತ್ತಿರದಿಂದ ತೆಗೆಯುತ್ತೇನೆ. ಕಂದು ಬಣ್ಣದ ಮೊಟ್ಟೆಗಳ ಗುಂಪು ಇರುವುದು ಸಾಮಾನ್ಯವಾಗಿ ಅಲ್ಲೇ. ಡಿಪ್, ಅಂದರೆ ಹವಳವನ್ನು ಔಷಧದ ನೀರಿನಲ್ಲಿ ಅದ್ದುವುದು, ಹುಳುಗಳನ್ನು ಉದುರಿಸುತ್ತದೆ, ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಅವನ್ನು ಕೈಯಿಂದಲೇ ಕೆರೆದು ತೆಗೆಯಬೇಕು. ಎಲ್ಲಿ ಕೆರೆಯಬೇಕು ಅಂತ ನೋಡಲು ಆ ಚಿತ್ರವನ್ನೇ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುತ್ತೇನೆ.